ಹೆಜ್ಜೇನಿನ ಇಪ್ಪತ್ತಾರು ಮಣಿಗಳು

ಜೇನಿನ ವಿಷದಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಮೆಲಿಟಿನ್ ಎಂಬ ಒಂದೇ ಪೆಪ್ಟೈಡ್. ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತಮ್ಮ ಅನ್ನಿ. ಇದರಲ್ಲಿ ಇಪ್ಪತ್ತಾರು ಅಮೈನೋ ಆಮ್ಲಗಳು ಮಣಿ ಪೋಣಿಸಿದ ಹಾಗೆ ಸಾಲಾಗಿವೆ. ನೀರಿನಲ್ಲಿ ಸಡಿಲವಾಗಿ ಬಿದ್ದಿರುವ ಈ ಸರ, ಜೀವಕೋಶದ ಕೊಬ್ಬಿನ ಪೊರೆ ಸಿಕ್ಕಿದ ಕೂಡಲೇ ನುಲಿದುಕೊಂಡು ಸುರುಳಿಯಾಗುತ್ತದೆ. ಸುರುಳಿಯ ಒಂದು ಮಗ್ಗುಲಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಈ ಎರಡು ಬುದ್ಧಿಯಿಂದಲೇ ಅದು ಪೊರೆಯೊಳಗೆ ನುಗ್ಗಿ ತೂತು ಕೊರೆಯುತ್ತದೆ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ನನಗೆ ಅನ್ನ ಹಾಕುತ್ತಿರುವುದು ಇದೇ. ಕುರಿಯ ರಕ್ತದ ಕೆಂಪು ಕಣಗಳ ಮೇಲೆ ಒಂದು ಹನಿ ಬಿಟ್ಟರೆ ಸಾಕು, ಕಣಗಳು ಒಡೆದು, ತಳದಲ್ಲಿ ಕೂರಬೇಕಾದ ಕೆಂಪು ಬಣ್ಣ ನಳಿಕೆಯ ನೀರಿಗೆಲ್ಲ ಹರಡುತ್ತದೆ. ವಿದ್ಯಾರ್ಥಿಗಳಿಗೆ ಅದನ್ನು ತೋರಿಸುವಾಗ ನನಗೆ ಸ್ವಲ್ಪ ಜಂಬವೂ ಇರುತ್ತಿತ್ತು.

ನಮ್ಮೂರು ಬೆಟ್ಟದಪುರದ ಪಕ್ಕ. ಹೋದ ವರ್ಷ ಹೊಗೆಸೊಪ್ಪಿನ ಎಲೆ ಮುರಿಯುವ ಕಾಲದಲ್ಲಿ, ಹೊಲದ ಬದುವಿನ ಮರದಲ್ಲಿ ಕಟ್ಟಿದ್ದ ಹೆಜ್ಜೇನಿಗೆ ಹದ್ದು ಬಂದು ಹೊಡೆಯಿತು; ಹುಳವೆಲ್ಲ ಎದ್ದವು. ಅವ್ವ ಆಗಷ್ಟೇ ಬುತ್ತಿ ತಂದಿದ್ದಳು. ಅಪ್ಪ ಎಲೆ ಹೊರುವ ಗೋಣಿತಾಟನ್ನು ಅವಳ ಮೇಲೆ ಹೊದಿಸಿ, ಅಂಚು ಅದುಮಿ ಹಿಡಿದು ಅಲ್ಲೇ ಕೂತ. ಓಡಬಹುದಿತ್ತು, ಓಡಲಿಲ್ಲ. ಅವ್ವನಿಗೆ ಕಚ್ಚಿದ್ದು ಎರಡೋ ಮೂರೋ. ಅಪ್ಪನ ಮೈಯಿಂದ ಮುಳ್ಳು ಕೀಳುತ್ತಾ ಕೀಳುತ್ತಾ ನೂರು ದಾಟಿದ ಮೇಲೆ ಅವಳು ಎಣಿಸುವುದನ್ನೇ ಬಿಟ್ಟಳಂತೆ. ಎಲೆಅಡಿಕೆ ಚೀಲದ ಸುಣ್ಣವನ್ನೆಲ್ಲ ಬಳಿದು ಮುಗಿಸಿದಳು.

ಸುದ್ದಿ ನನಗೆ ಮುಟ್ಟಿದ್ದು ಮಾರನೆಯ ಬೆಳಿಗ್ಗೆ. ಫೋನ್ ಮಾಡಿದೆ.

“ಊತ ಇಳೀತಾ ಅದೆ ಕಣವ್ವ. ಗಂಜಿ ಕುಡ್ದೆ. ನೀನು ಗಾಬ್ರಿ ಬೀಳ್ಬ್ಯಾಡ ಬುಡು,” ಅಂದ ಅಪ್ಪ.

ಉಸಿರು ಕಟ್ಟುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು ಕೇಳಿದೆ. ಇಲ್ಲ ಅಂದ. ಕೆಲವರಿಗೆ ಒಂದೇ ಜೇನು ಕಚ್ಚಿದರೂ ಮೈಗೆ ಒಗ್ಗದೆ ಪ್ರಾಣ ಹೋಗುತ್ತದೆ. ಅಪ್ಪನಿಗೆ ಹಾಗಾಗಲಿಲ್ಲವಲ್ಲ ಎಂದು ನೆಮ್ಮದಿಯಿಂದ ಕ್ಲಾಸಿಗೆ ಹೋದೆ. ಉಚ್ಚೆ ಯಾವ ಬಣ್ಣಕ್ಕಿದೆ ಎಂದು ಕೇಳಲಿಲ್ಲ. ಮಗಳು ಅಪ್ಪನನ್ನು ಕೇಳುವ ಮಾತೇ ಅದು ಎಂದು ಸಂಕೋಚಪಟ್ಟೆ ಅಂದರೆ ಸುಳ್ಳಾಗುತ್ತದೆ. ಹೊಳೆಯಲೇ ಇಲ್ಲ. ನಳಿಕೆಯಲ್ಲಿ ದಿನಾ ನೋಡುವುದು ಮನುಷ್ಯನ ಮೈಯೊಳಗೂ ನಡೆಯುತ್ತದೆ ಎಂಬಷ್ಟು ಬುದ್ಧಿ ಈ ಪಂಡಿತೆಗೆ ಇರಲಿಲ್ಲ.

ಊರಿನಲ್ಲಿ ಅಪ್ಪನ ಉಚ್ಚೆ ಆಗಲೇ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಡೆ ಉಚ್ಚೆ ಕೆಂಪಗಾದರೆ ಉಷ್ಣ ಅನ್ನುತ್ತಾರೆ. ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಮನೆಯ ಬೆಂಕಿ ಮುಂದೆ ಕೂರುವವರಿಗೆ ಉಷ್ಣ ಇದ್ದದ್ದೇ. ಅವ್ವ ಜೀರಿಗೆ ನೀರು, ಎಳನೀರು ಕುಡಿಸಿ, ನೆತ್ತಿಗೆ ಹರಳೆಣ್ಣೆ ಒತ್ತಿದಳು. ಹೀಗೆ ಮೂರು ದಿನ. ನಾಲ್ಕನೆಯ ದಿನ ಉಚ್ಚೆಯೇ ನಿಂತುಹೋಯಿತು. ಒಡೆದ ರಕ್ತಕಣ, ಕರಗಿದ ಸ್ನಾಯು ಎಲ್ಲ ಸೇರಿ ಕಿಡ್ನಿ ಕಟ್ಟಿಕೊಂಡಿತ್ತು. ಹುಣಸೂರಿನ ಆಸ್ಪತ್ರೆಯಲ್ಲಿ ಆಗುವುದಿಲ್ಲವೆಂದು ಮೈಸೂರಿಗೆ ಕಳಿಸಿದರು.

ಡಯಾಲಿಸಿಸ್ ಮುಗಿಸಿ ಮಲಗಿದ್ದ ಅಪ್ಪನ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ನನಗೆ ಗೊತ್ತಿತ್ತು, ಕೇಳಬೇಕಿತ್ತು, ಕೇಳಲಿಲ್ಲ ಎಂದು ಅತ್ತೆ.

“ನೀನು ಕೇಳಿದ್ರೂ ನಾನು ಹೇಳ್ತಿರ್ನಿಲ್ಲ ಕಣವ್ವ. ಮಗಳ ತಾವ ಅಂಥದ್ನೆಲ್ಲ ಯಾರು ಹೇಳ್ತಾರೆ? ಬುಡು ಅತ್ಲಾಗೆ,” ಅಂದ.

ಎರಡು ದಿನ ಬಿಟ್ಟು ತೀರಿಕೊಂಡ. ಆ ಮಾತೊಂದನ್ನೇ ಹಿಡಿದುಕೊಂಡು ನಾನು ಹೇಗೋ ತಡೆದುಕೊಂಡಿದ್ದೆ. ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವ್ವ, ಯಾವ ದೂರೂ ಇಲ್ಲದೆ, ಆ ಬೆಳಗಿನ ಫೋನಿನ ವಿಷಯ ತೆಗೆದಳು.

“ನೀನು ಫೋನ್ ಇಟ್ಟ್ ಮ್ಯಾಲೆ ನಿಮ್ಮಪ್ಪ ಏನಂದ್ರು ಗೊತ್ತಾ? ‘ಉಚ್ಚೆ ಇಚಾರ ಅವ್ಳೇ ಕೇಳ್ತಾಳೆ ಅಂತ ಕಾಯ್ತಿದ್ದೆ ಕಣೆ. ಕೇಳ್ನಿಲ್ಲ. ಅಂಗಾದ್ರೆ ಏನೂ ಇಲ್ಲ ಬುಡು’ ಅಂದ್ರು.”