ಹೇಗೂ ಆ ಕಡೆ ಹೋಗ್ತೀಯಲ್ಲ

ಎಂ.ಎಸ್ಸಿ. ಓದುವಾಗ ನನ್ನ ಬೆನ್ನ ಮೇಲಿದ್ದ ಬ್ಯಾಗು ಹೆಸರಿಗೆ ಮಾತ್ರ ನನ್ನದು. ಲ್ಯಾಪ್‌ಟಾಪು, ಚಾರ್ಜರು, ಲ್ಯಾಬ್ ಕೋಟು, ಊಟದ ಡಬ್ಬಿ, ನೀರಿನ ಬಾಟಲಿ, ಎಂಥ ಮಳೆ ಬಂದರೂ ಬಿಚ್ಚಿಕೊಳ್ಳಲು ಒಪ್ಪದ ಒಂದು ಛತ್ರಿ, ಇಷ್ಟು ನನ್ನವು. ಮಿಕ್ಕಿದ್ದೆಲ್ಲ ಮನೆಯವರದು. ಚಾಮರಾಜಪೇಟೆಯ ನಮ್ಮ ಮನೆಯಿಂದ ದಿನವೂ ಮಲ್ಲೇಶ್ವರಕ್ಕೆ ಹೋಗುವವಳು ನಾನೊಬ್ಬಳೇ. ಹಾಗಾಗಿ ಊರಿನ ಆ ತುದಿಯಲ್ಲಿ ಆಗಬೇಕಾದ ಕೆಲಸವೆಲ್ಲ ನನ್ನ ಬ್ಯಾಗಿಗೆ ಬಂದು ಬೀಳುತ್ತಿತ್ತು. ಅಮ್ಮನಿಗೆ ಸರಿಹೋಗುವ ಒಬ್ಬನೇ ಟೈಲರು ಅಲ್ಲಿದ್ದ. ಮಿಕ್ಸಿ ಜಾರಿಗೆ ಬ್ಲೇಡು ಹಾಕುವವನೂ ಅಲ್ಲೇ ಇದ್ದ. ಒಂದು ಸಲವಂತೂ ಅಪ್ಪ ಸುಲ್ತಾನ್‌ಪೇಟೆಯಲ್ಲಿ ಅಚ್ಚು ಹಾಕಿಸಿದ ನೆಂಟರ ಮದುವೆ ಕಾರ್ಡುಗಳನ್ನು ಕಟ್ಟುಕಟ್ಟಾಗಿ ತುರುಕಿ, ಕಾಲೇಜು ಮುಗಿಸಿ ಹಂಚಿಕೊಂಡು ಬಾ ಎಂದಿದ್ದರು.

"ಹೇಗೂ ಆ ಕಡೆ ಹೋಗ್ತೀಯಲ್ಲ" ಎಂಬುದು ನಮ್ಮ ಮನೆಯ ಮಂತ್ರ. ಅದಕ್ಕೆ ಎದುರುತ್ತರವೇ ಇಲ್ಲ. ಹೋಗುವುದು ನಿಜ, ಆ ಕಡೆಗೇ ಹೋಗುವುದೂ ನಿಜ.

ಕ್ಲಾಸಿನ ಹುಡುಗರ ಬ್ಯಾಗು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಒಂದು ನೋಟ್‌ಬುಕ್ಕು, ಒಂದು ಬಾಚಣಿಗೆ, ತಳದಲ್ಲಿ ಹೋದ ಸೆಮಿಸ್ಟರಿನ ಚಿಪ್ಸ್ ಪುಡಿ. ಗೆಳತಿಯೊಬ್ಬಳು ಕ್ಯಾಂಟೀನಿನಲ್ಲಿ ನನ್ನ ಬ್ಯಾಗು ಎತ್ತಲು ಹೋಗಿ, "ಏನೇ ಇದು, ಬ್ಯಾಗಾ ಗೋಡೌನಾ?" ಎಂದಳು. ಅವತ್ತು ಒಳಗೆ ಮಿಕ್ಸಿ ಜಾರು ಇತ್ತು.

ಮನೆಯಲ್ಲಿ ನನ್ನ ಬ್ಯಾಗಿನ ತಂಟೆಗೆ ಬಾರದವರೆಂದರೆ ತಾತ ಒಬ್ಬರೇ. ಅವರಿಗೆ ಕಿವಿ ಮಂದ. ಕಿವಿಗೆ ಮಿಷಿನ್ನು ಇಲ್ಲದಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಏನು ಹೇಳಿದರೂ "ಹೂಂ" ಎಂದುಬಿಡುತ್ತಿದ್ದರು. ಮಿಷಿನ್ನು ಕಿರಿಕಿರಿ ಎಂದು ದಿನವೆಲ್ಲ ಡಬ್ಬಿಯಲ್ಲಿಟ್ಟು, ಒಂದೇ ಒಂದು ಕೆಲಸಕ್ಕೆ ತಪ್ಪದೆ ಹಾಕಿಕೊಳ್ಳುತ್ತಿದ್ದರು. ಅದು ವೈಯಾಲಿಕಾವಲ್‌ನಲ್ಲಿ ಮಗಳ ಮನೆಯಲ್ಲಿದ್ದ ಅವರ ಅಕ್ಕನ ಫೋನು. ತಾಯಿಯಿಲ್ಲದ ತಾತನನ್ನು ಎತ್ತಿ ಬೆಳೆಸಿದವರು ಆ ಅಕ್ಕ. ತಾತನ ಊಟ ಹನ್ನೊಂದಕ್ಕೆ. ಕೈ ತೊಳೆದು ಬಂದು ಕೂತರೆ ಫೋನು ಬರುತ್ತಿತ್ತು.

"ಊಟ ಆಯ್ತೇನೋ?"

"ಆಯ್ತಕ್ಕ."

"ಏನ್ ಹುಳಿ?"

"ನುಗ್ಗೇಕಾಯಿ."

"ಸರಿ, ಇಡ್ತೀನಿ."

ಇಷ್ಟೇ. ಇಷ್ಟು ಮಾತಿಗೆ ದಿನಾ ಫೋನು ಬೇಕಾ ಎಂದು ನಾನು ನಗುತ್ತಿದ್ದೆ. ಎಂಬತ್ತರ ಹತ್ತಿರದ ತಮ್ಮ ಏನು ಉಂಡ ಎಂದು ತಿಳಿಯದೆ ತೊಂಬತ್ತರ ಹತ್ತಿರದ ಅಕ್ಕನಿಗೆ ಸಮಾಧಾನವಿರಲಿಲ್ಲ.

ಕೊನೆಯ ಸೆಮಿಸ್ಟರಿನ ಪರೀಕ್ಷೆಯ ಹೊತ್ತಿಗೆ ಆ ಅಕ್ಕ ಆಸ್ಪತ್ರೆ ಸೇರಿದರು. ಬಾಯಿಗೆ ಕೊಳವೆ ಹಾಕಿದ್ದರು, ಮಾತಿಲ್ಲ. ತಾತನಿಗೆ ಮಂಡಿ ನೋವು, ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟ. ಹನ್ನೊಂದರ ಊಟವಾದ ಮೇಲೆ ಸುಮ್ಮನೆ ಫೋನಿನ ಪಕ್ಕ ಕೂತಿರುತ್ತಿದ್ದರು. ಒಂದು ರಾತ್ರಿ ಅಕ್ಕನ ಮಗಳು ಫೋನು ಮಾಡಿ, "ನಾಳೆ ಸಂಜೆ ಕೊಳವೆ ತೆಗೀತಾರಂತೆ. ಮಾವನ ಹತ್ರ ಎರಡು ಮಾತಾಡಿಸ್ತೀನಿ. ಡಾಕ್ಟ್ರು ಜಾಸ್ತಿ ದಿನ ಹೇಳ್ತಿಲ್ಲ" ಎಂದರು.

ಬೆಳಿಗ್ಗೆ ನಾನು ಹಾಲ್ ಟಿಕೆಟ್ಟು ಹುಡುಕುತ್ತಿದ್ದಾಗ ತಾತ ಮಿಷಿನ್ನಿನ ನೀಲಿ ಡಬ್ಬಿ ಹಿಡಿದು ಬಂದರು.

"ಪುಟ್ಟೀ, ಸೆಲ್ ಹೋಗಿದೆ. ಹೇಗೂ ಆ ಕಡೆ ಹೋಗ್ತೀಯಲ್ಲ, ಹಾಕಿಸ್ಕೊಂಡು ಬಾ. ಬರೀ ಸೆಲ್ ತರ್ಬೇಡ, ಮಿಷಿನ್ನಿಗೇ ಹಾಕಿ ನೋಡ್ಸು. ಸಂಜೆ ಅಕ್ಕ ಮಾತಾಡ್ತಾಳೆ."

ಆ ಪುಟಾಣಿ ಸೆಲ್ಲು ಸಿಗುತ್ತಿದ್ದ ಅಂಗಡಿ ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿತ್ತು. ಡಬ್ಬಿಯನ್ನು ಲ್ಯಾಬ್ ಕೋಟಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡೆ. ತಾತ ನನ್ನ ಬ್ಯಾಗಿಗೆ ಹಾಕಿದ ಮೊದಲ ಸಾಮಾನು ಅದು.

ಪರೀಕ್ಷೆಯ ದಿನ ಬ್ಯಾಗುಗಳನ್ನೆಲ್ಲ ಕಾರಿಡಾರಿನ ಗೋಡೆಗೆ ಒರಗಿಸಿ ಒಳಗೆ ಹೋಗಬೇಕು. ಪ್ರಶ್ನೆಪತ್ರಿಕೆ ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು. ಹೊರಗಿನ ರಾಶಿಯಲ್ಲಿ ಟ್ರಿಣ್ ಟ್ರಿಣ್ ಎಂದು ಹಳೇ ಕಾಲದ ಫೋನಿನ ಸದ್ದು ಶುರುವಾಯಿತು. ಅಮ್ಮನ ನಂಬರಿಗೆಂದು ನಾನೇ ಇಟ್ಟುಕೊಂಡಿದ್ದ ಸದ್ದು. ಪರೀಕ್ಷೆ ಎಂದು ಗೊತ್ತಿದ್ದೂ ಅಮ್ಮ ಸುಮ್ಮಸುಮ್ಮನೆ ಫೋನು ಮಾಡುವವಳಲ್ಲ. ಸಂಜೆಯ ಮಾತು ಈಗಲೇ ಬಂದಿದೆ ಎಂದು ನನಗೆ ಥಟ್ಟನೆ ಹೊಳೆಯಿತು.

ಸದ್ದು ನಿಂತಿತು. ಮತ್ತೆ ಶುರುವಾಯಿತು. ಎದ್ದು ನಿಂತೆ.

"ಸರ್, ನಂದೇ ಫೋನು. ಮನೆಯಿಂದ. ಒಂದ್ನಿಮಿಷ ಸರ್."

"ಮೊದಲನೇ ಗಂಟೆ ಯಾರನ್ನೂ ಹೊರಗೆ ಬಿಡೋ ಹಾಗಿಲ್ಲಮ್ಮ. ಕೂತ್ಕೋ."

ಕೆಟ್ಟವರಲ್ಲ ಆ ಮೇಲ್ವಿಚಾರಕರು. ಅಯ್ಯೋ ಅನ್ನಿಸಿದ್ದು ಅವರ ಮುಖದಲ್ಲೇ ಕಂಡಿತು. ಅಷ್ಟರಲ್ಲಿ ಅಟೆಂಡರು ಬೊಬ್ಬೆ ಹೊಡೆಯುತ್ತಿದ್ದ ನನ್ನ ಬ್ಯಾಗನ್ನು ಎತ್ತಿಕೊಂಡು ಕಾರಿಡಾರಿನ ಆ ಕೊನೆಗೆ ನಡೆದ. ಟ್ರಿಣ್ ಟ್ರಿಣ್ ದೂರ ದೂರ ಹೋಯಿತು. ನಾನು ಕೂತೆ. ಹೊರಗೆ ಬಿಟ್ಟಿದ್ದರೂ ಏನು ಕಿಸಿಯುತ್ತಿದ್ದೆ? ಸೆಲ್ಲಿಲ್ಲದ ಮಿಷಿನ್ನು ಮಲ್ಲೇಶ್ವರದಲ್ಲಿ, ತಾತನ ಕಿವಿ ಚಾಮರಾಜಪೇಟೆಯಲ್ಲಿ. ಫೋನಿನಲ್ಲಿ ಕಳಿಸಿಕೊಡುವ ಸಾಮಾನೇ ಅದು? ನನ್ನ ಮೇಲೆ, ಆ ಪರೀಕ್ಷಾ ಹಾಲಿನ ಮೇಲೆ, ಸಂಜೆ ಎಂದು ಹೇಳಿದ ಆಸ್ಪತ್ರೆಯವರ ಮೇಲೆ ಸಿಟ್ಟು ಬಂತು. ಸಿಟ್ಟಿನಿಂದ ಆಗಬೇಕಾದದ್ದೂ ಏನೂ ಇರಲಿಲ್ಲ. ಅವತ್ತು ಏನು ಬರೆದೆನೋ ಈಗಲೂ ನೆನಪಿಲ್ಲ.

ಮುಗಿಸಿ ಬಂದು ಅಮ್ಮನಿಗೆ ಫೋನು ಮಾಡಿದೆ. ಡಾಕ್ಟರು ಬೆಳಿಗ್ಗೆಯೇ ಬಂದು ಕೊಳವೆ ತೆಗೆದರಂತೆ. ಅಕ್ಕನ ಮಗಳು ಫೋನು ಹಚ್ಚಿದಾಗ ಅಮ್ಮ ಮಿಷಿನ್ನಿಗಾಗಿ ಮನೆಯೆಲ್ಲ ಜಾಲಾಡಿದ್ದಳು. ಎಲ್ಲಿಟ್ಟಿದ್ದೀರಿ ಎಂದು ತಾತನನ್ನೇ ಕೇಳಿದರೆ ಅವರು "ಹೂಂ" ಎಂದಿದ್ದರು. ಆಮೇಲೆ ನನಗೆ ಮಾಡಿದ್ದಳು. ನಾನೂ ಎತ್ತದಿದ್ದಾಗ ತಾತನ ಫೋನಿನ ಸ್ಪೀಕರ್ ಹಾಕಿ ಅವರ ಕಿವಿಗೇ ಹಿಡಿದಿದ್ದಳು. ಈಗ ಅಕ್ಕ ಇಲ್ಲ ಎಂದಳು.

ಆದರೂ ಹೋಗಿ ಸೆಲ್ಲು ಹಾಕಿಸಿದೆ. ಅಂಗಡಿಯವನು ಹಾಕಿ, ನೋಡಿ, ಸರಿಯಾಗಿದೆ ಎಂದ. ಮೆಟ್ರೋದಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಬಂದೆ.

ತಾತ ಫೋನಿನ ಪಕ್ಕದಲ್ಲೇ ಕೂತಿದ್ದರು. ಅಕ್ಕ ಹೋದದ್ದು ಅಮ್ಮನ ಮುಖ ನೋಡಿಯೇ ಅವರಿಗೆ ತಿಳಿದಿತ್ತಂತೆ. ನಾನು ಕೊಟ್ಟ ಮಿಷಿನ್ನನ್ನು ನಿಧಾನವಾಗಿ ಕಿವಿಗೆ ಸಿಕ್ಕಿಸಿಕೊಂಡು ಅಮ್ಮನ ಕಡೆ ತಿರುಗಿದರು.

"ಅಕ್ಕ ಏನಂದ್ಲು?"

"ಊಟ ಆಯ್ತೇನೋ ಅಂದ್ರು, ಮಾವ."

"ನಾನು?"

"ಹೂಂ ಅಂದ್ರಿ."

"ಆಮೇಲೆ?"

ಅಮ್ಮ ಒಮ್ಮೆ ನನ್ನನ್ನು ನೋಡಿದಳು. "ಏನ್ ಹುಳಿ ಅಂತ ಕೇಳಿದ್ರು."

ಅದಕ್ಕೆ ತಾನೇನೆಂದೆ ಎಂದು ತಾತ ಕೇಳಲಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ಫೋನು ಬಂದಾಗ ಅವರ ಊಟವೇ ಆಗಿರಲಿಲ್ಲ. ಈಗಲೂ ಆಗಿರಲಿಲ್ಲ. ಮಿಷಿನ್ನನ್ನು ಕಿವಿಗೆ ಇನ್ನೊಮ್ಮೆ ಒತ್ತಿಕೊಂಡು ಅಮ್ಮನನ್ನು ಕೇಳಿದರು.

"ಏನ್ ಹುಳಿ ಮಾಡಿದ್ದೆಯಮ್ಮ ಇವತ್ತು?"

"ಬೆಂಡೇಕಾಯಿ, ಮಾವ."

"ಬೆಂಡೇಕಾಯಿ, ಅಕ್ಕ" ಎಂದರು ತಾತ, ಫೋನಿನಲ್ಲಿ ಹೇಳುವಷ್ಟೇ ಜೋರಾಗಿ.

ಬ್ಯಾಗು ಇನ್ನೂ ನನ್ನ ಹೆಗಲ ಮೇಲೆಯೇ ಇತ್ತು. ಇಳಿಸುವುದಕ್ಕೂ ತೋಚದೆ ನಿಂತಿದ್ದೆ.