ಹಳೆಯ ಸೂಜಿಗೆ ಹೊಸ ಸೂಜಿ

ಮುಂಬೈ ಹತ್ತಿರದ ವಿಠ್ಠಲವಾಡಿ ಸ್ಟೇಶನ್ನಿನ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ಕೆಲಸ. ನಶೆಯ ಸೂಜಿ ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ತಗಲದಂತೆ ತಡೆಯುವುದು ಹೇಗೆ ಎಂಬ ಅಧ್ಯಯನ ಅದು. ಬರುವವರಲ್ಲಿ ಕನ್ನಡದ ಕೂಲಿಗಳೂ ಇದ್ದುದರಿಂದ, ಕನ್ನಡ ಬರುತ್ತದೆಂದು ನನ್ನನ್ನು ತೆಗೆದುಕೊಂಡಿದ್ದರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮಾತ್ರ ಅಮ್ಮ, ತನ್ನ ಮಗಳು ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ ಎಂದು ಹೇಳಿಕೊಂಡಿದ್ದಳು. ಐರೋಲಿಯಲ್ಲಿದ್ದುದು ಅಧ್ಯಯನ ನಡೆಸುವ ನಮ್ಮ ಸಾಹೇಬರು ಮತ್ತು ಅವರ ಎ.ಸಿ.

ನಿಯಮ ಒಂದೇ. ಬಳಸಿದ ಸೂಜಿ ತಂದವನಿಗೆ ಹೊಸ ಸೂಜಿ, ಬರಿಗೈಯಲ್ಲಿ ಬಂದವನಿಗೆ ಬರೀ ಉಪದೇಶ. ಉಪದೇಶ ಮಾಡುವವಳು ನಾನು.

ಕಲಬುರಗಿ ಕಡೆಯ ಒಬ್ಬ ಹಮಾಲ ಬರುತ್ತಿದ್ದ. ಅವನ ಹೆಂಡತಿ ಘೋಡಬಂದರ್ ರಸ್ತೆಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮೊದಲ ರಕ್ತಪರೀಕ್ಷೆಯಲ್ಲಿ ಅವನಿಗೆ ಏನೂ ಇರಲಿಲ್ಲ.

"ನಶಾ ಬಿಡೋದು ಆಗವಲ್ದು ಅಕ್ಕಾರ. ಆದ್ರ ಈ ಬ್ಯಾನಿ ಮನಿಗಿ ಒಯ್ಯಂಗಿಲ್ಲ," ಅಂದಿದ್ದ. ನಾನು ಅವನನ್ನು ನಂಬಿದ್ದೆ.

ಆಮೇಲೆ ಪೊಲೀಸರು ಸ್ಟೇಶನ್ನಿನಲ್ಲಿ ಜೇಬು ತಡಕಲು ಶುರುಮಾಡಿದರು. ಹಳೆಯ ಸೂಜಿ ಸಿಕ್ಕವನಿಗೆ ಲಾಠಿ ಏಟು. ಇವನು ಚುಚ್ಚಿಕೊಂಡ ಕೂಡಲೇ ಸೂಜಿಯನ್ನು ಗಟಾರಕ್ಕೆ ಎಸೆದು ಬರಿಗೈಯಲ್ಲಿ ಬರತೊಡಗಿದ.

"ಸೂಜಿ ಕೊಡ್ರಿ ಅಕ್ಕಾರ. ಮಾತು ಭಾಳ ಕೇಳೀನಿ."

ಸಾಹೇಬರಿಗೆ ಫೋನು ಮಾಡಿ ಬೇಡಿದೆ, ಜಗಳವನ್ನೂ ಆಡಿದೆ. ನಡುವೆ ನಿಯಮ ಬದಲಿಸಿದರೆ ಅಧ್ಯಯನ ಕೆಡುತ್ತದಂತೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ.

ಕೆಲವು ವಾರಗಳಾದ ಮೇಲೆ ಅವನು ಮತ್ತೆ ಹಳೆಯ ಸೂಜಿ ತರತೊಡಗಿದ. ನನಗೆ ಅನುಮಾನ ಬಂದು ಕೇಳಿದೆ.

"ನಾನೂ ನನ್ನ ದೋಸ್ತನೂ ಕೂಡಿ ಒಂದ ಸೂಜಿ ಹಾಕ್ತೀವ್ರಿ. ಒಂದಿನ ಅಂವ ತರ್ತಾನ, ಒಂದಿನ ನಾ ತರ್ತೀನಿ. ಹೊಡ್ತ ಅರ್ಧ ಆಯ್ತಲ್ರಿ," ಅಂದ.

ಮೂಟೆ ಭಾರವಾದರೆ ಇಬ್ಬರು ಸೇರಿ ಹೊರುವುದು ಹಮಾಲರ ಪದ್ಧತಿ. ಪೊಲೀಸರ ಪೆಟ್ಟನ್ನೂ ಹಾಗೆಯೇ ಹೊತ್ತಿದ್ದರು. ಕೂಡಿ ಚುಚ್ಚಿಕೊಳ್ಳಬೇಡಿ ಎಂದು ವರ್ಷವಿಡೀ ನಾನು ಬಡಕೊಂಡಿದ್ದೆ; ಕೂಡಿ ಚುಚ್ಚಿಕೊಳ್ಳುವುದನ್ನು ಕಲಿಸಿದ್ದು ನಮ್ಮ ನಿಯಮ. ಸಾಹೇಬರಿಗೆ ಹೇಳಿದರೆ, ಮುಂದಿನ ಅಧ್ಯಯನದಲ್ಲಿ ನೋಡೋಣ ಅಂದರು. ವಾಶಿಯ ಹೋಟೆಲಿನ ಸಭೆಯಲ್ಲಿ, ವಿಠ್ಠಲವಾಡಿಯ ಸೂಜಿಗಳು ಅಚ್ಚುಕಟ್ಟಾಗಿ ವಾಪಸು ಬರುತ್ತಿವೆ ಎಂದು ಅವರು ವಿವರಿಸಿದಾಗ ಚಪ್ಪಾಳೆ ಬಿತ್ತು. ಊಟಕ್ಕೆ ಮೂರು ಬಗೆಯ ಸಿಹಿ ಇತ್ತು.

ಮುಂದಿನ ಪರೀಕ್ಷೆಯಲ್ಲಿ ಅವನ ರಕ್ತದಲ್ಲಿ ಎಚ್‌ಐವಿ ಬಂದಿತ್ತು. ಹೆಂಡತಿಗೆ ನೀವೇ ಹೇಳಿ ಎಂದು ಕೈಮುಗಿದ. ಅವಳನ್ನು ಒಳಗೆ ಕೂರಿಸಿ ತಾನು ಹೊರಗೆ ನಿಂತ. ಸೂಜಿ, ಪೊಲೀಸರು, ನಿಯಮ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಅಳಲಿಲ್ಲ.

"ಹೊಸಾ ಸೂಜಿ ಇರಲಿಲ್ಲೇನ್ರಿ ನಿಮ್ಮ ಬಲ್ಲಿ?" ಅಂದಳು.

"ಇದ್ದವು," ಅಂದೆ.

ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಮುಂದೆ ಚಾಚಿದಳು.

"ನನ್ನ ರಕ್ತನೂ ತಗೊಳ್ರಿ. ಅದಕ್ಕಾದ್ರ ಹೊಸಾ ಸೂಜಿ ತಗೀತೀರಲ್ರಿ."