ಜುಲ್ಮೀರಳ ಗುಡಾಣದ ಮೀನು

ಸಿಯರಾ ಕರಾವಳಿಯ ಬಾರ್ರ ವೆಲ್ಯ ಎಂಬ ಊರಿನಲ್ಲಿ ಜುಲ್ಮೀರಳಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಬೆಳಗ್ಗೆ ಕಾಫಿ ಕುಡಿದು ಲೇಸು ಹೆಣೆಯುವ ದಿಂಬಿನ ಮುಂದೆ ಕೂತಳೆಂದರೆ ನೂಲು ಸುತ್ತಿದ ಮರದ ಕಡ್ಡಿಗಳು ಅವಳ ಬೆರಳ ಸಂದಿಯಲ್ಲಿ ಟಕಟಕ ಓಡಾಡುತ್ತಿದ್ದವು. ನೂಲನ್ನು ದಿಂಬಿಗೆ ಚುಚ್ಚಿ ನಿಲ್ಲಿಸಲು ಗುಂಡುಸೂಜಿಯ ಬದಲು ಕಳ್ಳಿಮುಳ್ಳು. ಕೈ ನೋಡಿಕೊಂಡು ಹೆಣೆದವಳೇ ಅಲ್ಲ. ಬೀದಿಯಲ್ಲಿ ಹೋಗಿಬರುವವರನ್ನು ಕೆಣಕುತ್ತಲೇ ಹೆಣೆಯುತ್ತಿದ್ದಳು.

ಆ ಕೈಗಳೇ ಕೊನೆಗೆ ಅವಳ ಮಾತು ಕೇಳದಾದವು. ಕಾರಣ ಹುಡುಕುತ್ತ ಹೋದರೆ ಅವಳ ಬೆಕ್ಕಿನ ಹೊಟ್ಟೆಯವರೆಗೂ ಹೋಗಬೇಕಾಗುತ್ತದೆ.

ಆ ಊರಿನಲ್ಲಿ ಕುಡಿಯುವ ನೀರೆಂದರೆ ಮಳೆನೀರು. ಸೂರಿನಿಂದ ಇಳಿದದ್ದನ್ನು ಗುಡಾಣದಲ್ಲಿ ತುಂಬಿಟ್ಟು ಕಾಪಾಡಬೇಕು. ಆರೋಗ್ಯ ಕಾರ್ಯಕರ್ತೆ ಎಡಿನಾಲ್ವ, ಪಕ್ಕದ ಮನೆಯ ಹುಡುಗಿಯೇ, ಸೊಳ್ಳೆಮರಿಗಳನ್ನು ತಿನ್ನಲೆಂದು ಅದರಲ್ಲಿ ಪುಟ್ಟ ಮೀನುಗಳನ್ನು ಬಿಟ್ಟಳು.

"ಅಯ್ಯೋ, ನನ್ನ ಸಿಹಿನೀರಲ್ಲಿ ಮೀನು ಉಚ್ಚೆ ಹುಯ್ಯಲ್ವೇನೇ?"

"ಸೊಳ್ಳೆ ಮೊಟ್ಟೆ ಇಟ್ರೆ ಪರವಾಗಿಲ್ವಾ, ಜುಲ್ಮೀರತ್ತೆ? ಮುಚ್ಚಳ ಬೇರೆ ಸೀಳಿದೆ."

"ನಿನ್ನ ಮೂಗು ಒರೆಸಿದವಳು ನಾನು. ನಂಗೆ ನೀರಿನ ಪಾಠ ಹೇಳ್ಬೇಡ!"

ಎಡಿನಾಲ್ವ ಬೀದಿಯ ತಿರುವು ದಾಟುವ ಮೊದಲೇ ಜುಲ್ಮೀರ ಸೋರೆಬುರುಡೆಯಿಂದ ಮೀನುಗಳನ್ನು ಮೊಗೆದು ಬೆಕ್ಕು ಮಿಮೋಜುವಿಗೆ ಹಾಕಿದಳು. ಮಿಮೋಜು ಮೀಸೆ ನೆಕ್ಕಿಕೊಂಡು ಮಲಗಿತು.

ಮಳೆ ಹಿಡಿದ ಮೇಲೆ ಬೀದಿಗೆ ಬೀದಿಯೇ ಚಿಕುನ್‌ಗುನ್ಯದಲ್ಲಿ ಮಲಗಿತು. ಜುಲ್ಮೀರಳಿಗೂ ಸುಡುವ ಜ್ವರ, ಮೈಮೇಲೆ ಕೆಂಪು ಗಂದೆ, ಹೊರಳಲೂ ಬಿಡದ ಕೀಲುನೋವು. ಎದುರು ಮನೆಯ ಮುದುಕ ಆಲ್ಸಿಡೆಸ್, ಮೊದಲೇ ಹೃದಯದ ಕಾಯಿಲೆಯವನು, ಅದರಲ್ಲೇ ತೀರಿಕೊಂಡ. ಸುದ್ದಿ ಕೇಳಿ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ತನ್ನ ಗುಡಾಣದ ಸೊಳ್ಳೆಯೋ, ಇನ್ನಾರ ಮನೆಯದೋ, ಸೊಳ್ಳೆಯ ಮೇಲೆ ಹೆಸರು ಬರೆದಿರುತ್ತದೆಯೇ? ಆದರೂ ಆ ಯೋಚನೆ ಅವಳನ್ನು ಬಿಡಲಿಲ್ಲ.

ವಾರದಲ್ಲಿ ಜ್ವರ ಬಿಟ್ಟಿತು, ನೋವು ಬಿಡಲಿಲ್ಲ. ತಿಂಗಳುಗಳು ಕಳೆದರೂ ಬೆಳಗ್ಗೆ ಬೆರಳು ಮಡಚದು, ಮಡಚಿದರೆ ಬಿಚ್ಚದು; ಕಾಫಿ ಲೋಟಕ್ಕೂ ಎರಡು ಕೈ ಬೇಕು. ಲೇಸಿನ ದಿಂಬಿನ ಮೇಲೆ ಬಟ್ಟೆ ಮುಚ್ಚಿಬಿಟ್ಟಳು.

"ಕೆಲವರಿಗೆ ವರ್ಷಗಟ್ಟಲೆ ಇರತ್ತೆ ಅತ್ತೆ. ವಯಸ್ಸಾದೋರಿಗೆ ಜಾಸ್ತಿ," ಎಂದಳು ಎಡಿನಾಲ್ವ. ಮೀನಿಲ್ಲದ ಗುಡಾಣವನ್ನು ಅವಳು ನೋಡಿದ್ದಳು; ಏನೂ ಕೇಳಿರಲಿಲ್ಲ. ಬೈದಿದ್ದರೆ ಜುಲ್ಮೀರ ತಿರುಗಿ ಬೈದು ಹಗುರಾಗುತ್ತಿದ್ದಳು.

ಇಷ್ಟರಲ್ಲಿ ಮಗಳು ಮಾರ್ಲೂಸಿಯಳ ಕೂಸಿನ ಜ್ಞಾನಸ್ನಾನ ಹತ್ತಿರ ಬಂತು. ಪಾದ್ರಿ ಆ ಊರಿಗೆ ಬರುವುದೇ ಸಂತನ ಹಬ್ಬಕ್ಕೆ; ಅದು ತಪ್ಪಿದರೆ ಮುಂದಿನ ವರ್ಷವೇ. ಕೂಸಿನ ಲೇಸಿನ ಅಂಗಿಯನ್ನು ಜುಲ್ಮೀರ ಕಾಯಿಲೆಗೆ ಮೊದಲೇ ಹೆಣೆದಿಟ್ಟಿದ್ದಳು. ಜ್ಞಾನತಾಯಿಯೂ ಅವಳೇ. ತಲೆಗೆ ನೀರು ಸುರಿಯುವಾಗ ಕೂಸನ್ನು ಎತ್ತಿ ಹಿಡಿಯಬೇಕಾದವಳು ಜ್ಞಾನತಾಯಿ. ಮಗಳು ಬಸುರಿ ಎಂದು ತಿಳಿದ ದಿನದಿಂದ ಜುಲ್ಮೀರಳ ಆಸೆ ಅದೊಂದೇ.

ಮನೆಯಲ್ಲಿ ಯಾರೂ ಇಲ್ಲದಾಗ ಕೂಸಿನಷ್ಟೇ ತೂಗುವ ಮರಗೆಣಸಿನ ಹಿಟ್ಟಿನ ಚೀಲ ಎತ್ತಿ ನೋಡಿದಳು. ಒಮ್ಮೆ ತೋಳಿನಲ್ಲಿ ನಿಂತಿತು. ಇನ್ನೊಮ್ಮೆ ಮಣಿಕಟ್ಟು ಕೈಕೊಟ್ಟು ಹಿಟ್ಟೆಲ್ಲ ನೆಲದ ಪಾಲಾಯಿತು. ಮಿಮೋಜು ಬಂದು ಮೂಸಿತು.

"ತಿನ್ನು, ಇದನ್ನೂ ತಿನ್ನು, ದರಿದ್ರದ್ದೇ!" ಎಂದು ಬೈದು, ಹಿಟ್ಟಿನ ನಡುವೆಯೇ ಕೂತು ಅತ್ತಳು.

ಹಬ್ಬದ ದಿನ ಮಾರ್ಲೂಸಿಯ ಕೂಸನ್ನು ಅವಳ ತೋಳಿಗಿಟ್ಟಳು. ದುಂಡಗಿತ್ತು, ಬೆಚ್ಚಗಿತ್ತು, ಸುಮ್ಮನಿರದೆ ಒದೆಯುತ್ತಿತ್ತು. ಪಾದ್ರಿ ಕಲ್ಲಿನ ತೊಟ್ಟಿಯ ಹತ್ತಿರ ಕರೆದರು. ಮಣಿಕಟ್ಟಿನಲ್ಲಿ ಚಳುಕು ಹೊಡೆಯಿತು. ಜುಲ್ಮೀರ ನಿಂತುಬಿಟ್ಟಳು.

"ಎಡಿನಾಲ್ವ, ಬಾರೇ ಇಲ್ಲಿ. ಹಿಡ್ಕೋ."

"ನಾನಾ? ಜ್ಞಾನತಾಯಿ ನೀವಲ್ವಾ ಅತ್ತೆ!"

"ಇನ್ಮೇಲೆ ನೀನು. ನೀನು ಕೊಟ್ಟ ಮೀನನ್ನ ಬೆಕ್ಕಿಗೆ ಹಾಕಿದ ಕೈ ಇದು. ಇದನ್ನ ನಂಬಿ ಕೂಸು ಕೊಡೋಕೆ ನಂಗೇ ಧೈರ್ಯ ಇಲ್ಲ."

"ಅಮ್ಮಾ..." ಎಂದಳು ಮಾರ್ಲೂಸಿಯ. ಜುಲ್ಮೀರ ಆಗಲೇ ಕೂಸನ್ನು ಎಡಿನಾಲ್ವಳ ತೋಳಿಗೆ ದಾಟಿಸಿದ್ದಳು.

ಎಡಿನಾಲ್ವ ಕೂಸನ್ನು ತೊಟ್ಟಿಯ ಮೇಲೆ ಹಿಡಿದಳು. ನೀರು ಬಿದ್ದದ್ದೇ ಕೂಸು ಕಿಟಾರನೆ ಕಿರುಚಿತು, ಅದರ ಅಂಗಿತೋಳಿನ ಲೇಸು ಒದ್ದೆಯಾಗಿ ಮುದುಡಿತು. ಅದನ್ನು ಸರಿಮಾಡಲು ಜುಲ್ಮೀರ ಕೈ ಚಾಚಿದಳು. ಬೆರಳು ನೇರವಾಗಲಿಲ್ಲ. ತಾನೇ ಹೆಣೆದ ಲೇಸನ್ನು ಮುಷ್ಟಿಯ ಬೆನ್ನಿನಿಂದ ಸವರಿದಳು.